ಹತ್ತೊಂಬತ್ತು ಜನರ ಬ್ಯಾಂಡು ನಡೆಯುವುದು ಹೇಗೆ? ಸ್ನಾರ್ಕಿ ಪಪ್ಪಿ ಮತ್ತು ಮೈಕಲ್ ಲೀಗ್ ಬಳಗದ ಲೆಕ್ಕಾಚಾರ

ಜಾಝ್ ನುಡಿಸಿ ಹೊಟ್ಟೆ ಹೊರೆಯಬೇಕಿದ್ದರೆ ತಂಡ ಚಿಕ್ಕದಿರಬೇಕು ಎನ್ನುವುದು ಆ ಲೋಕದ ಹಳೆಯ ಅನುಭವ. ಪಿಯಾನೊ, ಬೇಸ್, ಡ್ರಮ್ಸ್ ಎಂದು ಮೂವರಿದ್ದರೆ ಒಂದೇ ಕಾರಿನಲ್ಲಿ ಹೋಗಿಬರಬಹುದು, ಕ್ಲಬ್ಬಿನವರು ಕೊಟ್ಟದ್ದನ್ನು ಮೂರು ಪಾಲು ಮಾಡಿಕೊಳ್ಳಬಹುದು. 1930ರ ದಶಕದಲ್ಲಿ ಹದಿನೈದು, ಹದಿನೆಂಟು ಜನರ ಬಿಗ್ ಬ್ಯಾಂಡುಗಳು ಅಮೆರಿಕದ ಉದ್ದಗಲಕ್ಕೂ ತಿರುಗುತ್ತಿದ್ದವು ನಿಜ. ಎರಡನೇ ಮಹಾಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಅವುಗಳಲ್ಲಿ ಹೆಚ್ಚಿನವು ಖರ್ಚು ತಾಳಲಾರದೆ ಚದುರಿಹೋದವು. ಈ ಚರಿತ್ರೆ ಗೊತ್ತಿದ್ದೂ 2004ರಲ್ಲಿ ಟೆಕ್ಸಸ್‌ನ ಡೆಂಟನ್ ಎಂಬ ಕಾಲೇಜು ಊರಿನಲ್ಲಿ ಮೈಕಲ್ ಲೀಗ್ ಎಂಬ ಇಪ್ಪತ್ತರ ಹುಡುಗ, ಬೇಸ್ ಗಿಟಾರ್ ವಾದಕ, ತನ್ನ ಜತೆ ಓದುತ್ತಿದ್ದವರನ್ನೆಲ್ಲ ಸೇರಿಸಿಕೊಂಡು ದೊಡ್ಡ ತಂಡವನ್ನೇ ಕಟ್ಟಿದ. ಅದರಲ್ಲಿ ಹಾಡುವವರೇ ಇಲ್ಲ. ಬರೀ ವಾದ್ಯ. ಹೆಸರೂ ವಿಚಿತ್ರ: ಸ್ನಾರ್ಕಿ ಪಪ್ಪಿ.

ಲೆಕ್ಕ ಬಲ್ಲವರು ಮಾಡುವ ಕೆಲಸವಲ್ಲ ಇದು. ಆದರೂ ಆ ಬ್ಯಾಂಡು ಇಪ್ಪತ್ತು ವರ್ಷ ದಾಟಿದೆ, ಐದು ಗ್ರ್ಯಾಮಿ ಪಡೆದಿದೆ, ತನ್ನದೇ ಲೇಬಲ್ (ಆಲ್ಬಮ್ಮುಗಳನ್ನು ಹೊರತರುವ ಸಂಸ್ಥೆ) ಕಟ್ಟಿಕೊಂಡಿದೆ, ಆ ಲೇಬಲ್ಲಿನ ದಾರಿ ನಮ್ಮ ಬೆಂಗಳೂರಿನವರೆಗೂ ಬಂದಿದೆ. ಇದು ಹೇಗೆ ಸಾಧ್ಯವಾಯಿತು ಎಂದು ನೋಡಬೇಕಿದ್ದರೆ ಸಂಗೀತ, ಜನ, ದುಡ್ಡು ಮೂರನ್ನೂ ಒಟ್ಟಿಗೆ ಹಿಡಿಯಬೇಕು. ಒಂದನ್ನು ಬಿಟ್ಟರೆ ಉಳಿದೆರಡು ಅರ್ಥವಾಗುವುದಿಲ್ಲ.

ಮೊದಲು ಸಂಗೀತ. ಜಾಝ್‌ನಲ್ಲಿ ಒಂದು ಕೃತಿಯ ಮುಖ್ಯ ಸಾಲು, ಅದರಡಿಯಲ್ಲಿ ಸಾಗುವ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು) ಸರಣಿ ಮೊದಲೇ ಗೊತ್ತಿರುತ್ತವೆ. ಅದರ ಮೇಲೆ ಒಬ್ಬೊಬ್ಬರೂ ಸರದಿ ಪ್ರಕಾರ ಆ ಗಳಿಗೆಗೆ ಹೊಳೆದದ್ದನ್ನು ನುಡಿಸುತ್ತಾರೆ. ಫಂಕ್‌ನ ರೀತಿ ಬೇರೆ. 1960ರ ದಶಕದಲ್ಲಿ ಜೇಮ್ಸ್ ಬ್ರೌನ್ ಮತ್ತು ಅವರ ತಂಡ ಕಟ್ಟಿದ ಆ ಪದ್ಧತಿಯಲ್ಲಿ ಆವರ್ತನದ ಮೊದಲ ಪೆಟ್ಟಿಗೇ ಒತ್ತು. ಗಿಟಾರು, ಟ್ರಂಪೆಟ್ಟುಗಳೂ ಅಲ್ಲಿ ತಾಳವಾದ್ಯಗಳಂತೆ ನಡೆದುಕೊಳ್ಳುತ್ತವೆ. ಒಬ್ಬೊಬ್ಬರ ಪಾಲಿಗೂ ಬರುವುದು ಚಿಕ್ಕ ಚೂರು, ಎರಡು ಸ್ವರವೋ ಮೂರು ಸ್ವರವೋ. ಅದನ್ನೇ ಬಿಡದೆ, ಅಲುಗದೆ, ಹತ್ತು ನಿಮಿಷವಾದರೂ ನುಡಿಸಬೇಕು. ಆ ಚೂರುಗಳು ಒಂದರೊಳಗೊಂದು ಹೆಣೆದುಕೊಂಡಾಗ ಹುಟ್ಟುವ ನಡೆಗೆ ಅವರು ಗ್ರೂವ್ ಎನ್ನುತ್ತಾರೆ. 1973ರಲ್ಲಿ ಪಿಯಾನೊ ವಾದಕ ಹರ್ಬಿ ಹ್ಯಾನ್‌ಕಾಕ್ 'ಹೆಡ್ ಹಂಟರ್ಸ್' ಆಲ್ಬಮ್ಮಿನಲ್ಲಿ ಈ ಎರಡನ್ನೂ ಬೆಸೆದು ತೋರಿಸಿದ ಮೇಲೆ ಜಾಝ್-ಫಂಕ್ ಎನ್ನುವುದು ಗಟ್ಟಿಯಾಗಿ ನೆಲೆಯೂರಿತು.

ಇಲ್ಲೊಂದು ಸೂಕ್ಷ್ಮವಿದೆ. ಹದಿನೈದು ಜನ ಒಟ್ಟಿಗೆ ಜಾಝ್ ಮನೋಧರ್ಮ ತೋರಿಸಲು ಹೊರಟರೆ ಗದ್ದಲವಾಗುತ್ತದೆ. ಫಂಕ್‌ನ ಶಿಸ್ತಿದ್ದರೆ ಅದೇ ಹದಿನೈದು ಜನ ಒಬ್ಬರ ಕಾಲು ಒಬ್ಬರು ತುಳಿಯದೆ ನಿಲ್ಲಬಹುದು, ಯಾಕೆಂದರೆ ಪ್ರತಿಯೊಬ್ಬರಿಗೂ ಸುಮ್ಮನಿರುವ ಜಾಗಗಳು ಗೊತ್ತು. ಮೂರು ಕೀಬೋರ್ಡು, ಮೂರು ಗಿಟಾರು, ಟ್ರಂಪೆಟ್ಟು, ಸ್ಯಾಕ್ಸೊಫೋನು, ಪಿಟೀಲು, ಡ್ರಮ್ಸು, ಬೇರೆ ಬೇರೆ ತಾಳವಾದ್ಯ ಇಷ್ಟೆಲ್ಲ ಇದ್ದೂ ಸ್ನಾರ್ಕಿ ಪಪ್ಪಿಯ ಸಂಗೀತ ಸ್ಪಷ್ಟವಾಗಿ ಕೇಳುವುದು ಇದರಿಂದಲೇ.

ಈ ಶಿಸ್ತು ಬಂದದ್ದು ಎರಡು ಕಡೆಯಿಂದ. ಡೆಂಟನ್‌ನಲ್ಲಿರುವ ನಾರ್ತ್ ಟೆಕ್ಸಸ್ ವಿಶ್ವವಿದ್ಯಾಲಯ 1947ರಲ್ಲೇ ಜಾಝ್‌ಗೆ ಪದವಿ ಕೊಡಲು ಶುರು ಮಾಡಿದ ಸಂಸ್ಥೆ, ಅಮೆರಿಕದಲ್ಲೇ ಮೊದಲು. ಅಲ್ಲಿನ ಪ್ರಮುಖ ತಂಡದ ಹೆಸರು 'ಒನ್ ಓ'ಕ್ಲಾಕ್ ಲ್ಯಾಬ್ ಬ್ಯಾಂಡ್'. ತಾಲೀಮು ಮಧ್ಯಾಹ್ನ ಒಂದು ಗಂಟೆಗಾದ್ದರಿಂದ ಆ ಹೆಸರು. ಲೀಗ್ ಬಳಗದವರು ಸ್ವರಪ್ರಸ್ತಾರ ಓದುವುದನ್ನು, ಕೃತಿ ಕಟ್ಟುವುದನ್ನು ಕಲಿತದ್ದು ಅಲ್ಲಿ. ಆದರೆ ಲೀಗ್‌ನ ನಿಜವಾದ ಪಾಠಶಾಲೆ ಹತ್ತಿರದ ಡಲ್ಲಾಸ್ ಎಂದೇ ನನಗನ್ನಿಸುತ್ತದೆ. ಅಲ್ಲಿ ಬರ್ನಾರ್ಡ್ ರೈಟ್ ಇದ್ದರು. 1980ರ ದಶಕದಲ್ಲಿ ಫಂಕ್ ಆಲ್ಬಮ್ಮುಗಳನ್ನು ಮಾಡಿದ, ಹೆಸರಾಂತ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಜತೆಗೂ ಕೆಲಸ ಮಾಡಿದ ಕೀಬೋರ್ಡ್ ವಾದಕ. ಅವರ ಕೈ ಹಿಡಿದು ಈ ಬಿಳಿಯ ಹುಡುಗ ಡಲ್ಲಾಸ್‌ನ ಕಪ್ಪು ಜನರ ಚರ್ಚುಗಳಿಗೆ, ಅಲ್ಲಿನ ಗಾಸ್ಪೆಲ್ ಸಂಗೀತಕ್ಕೆ ಕಾಲಿಟ್ಟ.

ಚರ್ಚಿನಲ್ಲಿ ಹಾಳೆ ನೋಡಿ ನುಡಿಸುವ ಮಾತಿಲ್ಲ. ಪ್ರವಚನ ಯಾವ ಗಳಿಗೆಯಲ್ಲಿ ಹಾಡಾಗುತ್ತದೋ, ಹಾಡು ಯಾವಾಗ ಶ್ರುತಿ ಏರಿಸಿಕೊಳ್ಳುತ್ತದೋ ಯಾರೂ ಮೊದಲೇ ಹೇಳುವುದಿಲ್ಲ. ಕಿವಿ ಕೊಟ್ಟು ಹಿಂಬಾಲಿಸಬೇಕು. ಆ ಗರಡಿಯಲ್ಲೇ ಬೆಳೆದಿದ್ದ ಡ್ರಮ್ಮರ್ ರಾಬರ್ಟ್ 'ಸ್ಪುಟ್' ಸಿಯರೈಟ್, ಕೀಬೋರ್ಡ್ ವಾದಕರಾದ ಶಾನ್ ಮಾರ್ಟಿನ್, ಬಾಬಿ ಸ್ಪಾರ್ಕ್ಸ್ ಬಳಗಕ್ಕೆ ಬಂದರು. ಕರ್ಕ್ ಫ್ರಾಂಕ್ಲಿನ್, ಎರಿಕಾ ಬಾಡು ಅಂಥ ಹೆಸರುಗಳ ಹಿಂದೆ ನಿಂತು ನುಡಿಸುತ್ತಿದ್ದ ಜನರ ವಲಯ ಅದು. ಕಾಲೇಜಿನ ಅಚ್ಚುಕಟ್ಟಿಗೆ ಚರ್ಚಿನ ಬಿಸಿ ಸೇರಿದ್ದು ಹೀಗೆ. ಮೊದಲ ಎರಡು ಆಲ್ಬಮ್ಮುಗಳನ್ನೂ (2006, 2007) ಆಮೇಲಿನವನ್ನೂ ಒಂದಾದ ಮೇಲೊಂದು ಕೇಳಿದರೆ ಈ ಬದಲಾವಣೆ ಕಿವಿಗೇ ಬೀಳುತ್ತದೆ. ಮೊದಮೊದಲಿನ ಸಂಗೀತ ಜಾಣ ವಿದ್ಯಾರ್ಥಿಗಳದು, ಆಮೇಲಿನದಕ್ಕೆ ಸೊಂಟ ಬಂದಿದೆ.

ಇನ್ನು ಜನ. ಈ ಬ್ಯಾಂಡಿನಲ್ಲಿ 'ಸದಸ್ಯರು' ಎಷ್ಟು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಬಳಗದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನರಿದ್ದಾರೆ, ಒಂದು ಪ್ರವಾಸದಲ್ಲಿ ವೇದಿಕೆ ಏರುವವರು ಅದರ ಅರ್ಧದಷ್ಟು. ಪ್ರತಿ ವಾದ್ಯದ ಕುರ್ಚಿಗೂ ಇಬ್ಬರೋ ಮೂವರೋ ಇರುತ್ತಾರೆ, ಬಿಡುವಿದ್ದವರು ಬಂದು ಕೂರುತ್ತಾರೆ. ನಮ್ಮ ಯಕ್ಷಗಾನ ಮೇಳ ನೋಡಿದವರಿಗೆ ಇದು ಬಿಡಿಸಿ ಹೇಳಬೇಕಾದ ಸಂಗತಿಯಲ್ಲ: ಪ್ರಸಂಗ ಅದೇ, ಇವತ್ತಿನ ವೇಷಧಾರಿ ಬೇರೆ, ಅರ್ಥಗಾರಿಕೆಯೂ ಬೇರೆ, ಹಾಗಾಗಿ ನೋಡಿದ್ದನ್ನೇ ಮತ್ತೆ ನೋಡಲು ಜನ ಬರುತ್ತಾರೆ. ಲೀಗ್ ಇದನ್ನು ಕೊರತೆ ಎಂದು ಮುಚ್ಚಿಡದೆ ಬ್ಯಾಂಡಿನ ಗುಣವನ್ನಾಗಿಯೇ ಮಾಡಿಕೊಂಡ.

ಇದಕ್ಕೆ ಒಳ್ಳೆಯ ಸಾಕ್ಷಿ 2013ರ ಅಕ್ಟೋಬರಿನಲ್ಲಿ ನೆದರ್ಲೆಂಡ್ಸ್‌ನ ಯುಟ್ರೆಕ್ಟ್‌ನಲ್ಲಿ ನಡೆದ ರೆಕಾರ್ಡಿಂಗು. 'ವಿ ಲೈಕ್ ಇಟ್ ಹಿಯರ್' ಎಂಬ ಆಲ್ಬಮ್ಮಿನದು. ಟೊರೊಂಟೊದ ಡ್ರಮ್ಮರ್ ಲಾರ್ನೆಲ್ ಲೂಯಿಸ್‌ಗೆ ಕೊನೆ ಗಳಿಗೆಯಲ್ಲಿ ಕರೆ ಹೋಯಿತು. ಆತ ಆ ಕೃತಿಗಳನ್ನು ವಿಮಾನದಲ್ಲಿ ಬರುತ್ತಾ ಕೇಳಿ ಕೇಳಿ ಕಲಿತು, ಬಂದಿಳಿದು ನುಡಿಸಿದ. ಇವತ್ತಿಗೂ ಡ್ರಮ್ಸ್ ಕಲಿಯುವ ಹುಡುಗರು ಆ ವಿಡಿಯೊಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತಾರೆ.

ಈಗ ದುಡ್ಡು. ಸಂಗೀತದ ವ್ಯಾಪಾರದಲ್ಲಿ ಒಂದು ಧ್ವನಿಮುದ್ರಣಕ್ಕೆ ಎರಡು ಒಡೆತನಗಳಿರುತ್ತವೆ. ಕೃತಿಯ ಒಡೆತನ ಅದನ್ನು ರಚಿಸಿದವರದು. ಆ ಕೃತಿಯನ್ನು ನುಡಿಸಿ ಮುದ್ರಿಸಿದ ಪ್ರತಿಯ ಒಡೆತನ ಇನ್ನೊಂದು, ಅದಕ್ಕೆ ಮಾಸ್ಟರ್ ಎನ್ನುತ್ತಾರೆ. ದೊಡ್ಡ ಕಂಪನಿಗಳ ಹಳೆಯ ಒಪ್ಪಂದದಲ್ಲಿ ಮಾಸ್ಟರ್ ಕಂಪನಿಯ ಕೈಯಲ್ಲೇ ಉಳಿಯುತ್ತದೆ, ಕಲಾವಿದರಿಗೆ ರಾಯಲ್ಟಿ ಎಂದು ಒಂದು ಪಾಲು. ಅದರಲ್ಲೂ ಒಂದು ಒಳಸುಳಿ. ಕಂಪನಿ ಒಂದು ಲಕ್ಷ ಡಾಲರ್ ಮುಂಗಡ ಕೊಟ್ಟಿತು, ರಾಯಲ್ಟಿ ನೂರಕ್ಕೆ ಹದಿನೈದು ಎಂದು ಇಟ್ಟುಕೊಳ್ಳಿ. ಆ ಮುಂಗಡ ತೀರಬೇಕಾದದ್ದು ಕಲಾವಿದರ ಹದಿನೈದು ಪಾಲಿನಿಂದ. ಅಂದರೆ ಆಲ್ಬಮ್ಮು ಹೆಚ್ಚುಕಡಿಮೆ ಆರೂಮುಕ್ಕಾಲು ಲಕ್ಷ ಡಾಲರ್ ದುಡಿದ ಮೇಲೆ ಬ್ಯಾಂಡಿಗೆ ಮೊದಲ ಕಾಸು. ಅದನ್ನು ಹದಿನೈದು ಜನ ಹಂಚಿಕೊಳ್ಳಬೇಕು! ಸಾಹಿತ್ಯವಿಲ್ಲದ ಸಂಗೀತಕ್ಕೆ ಅಷ್ಟು ಮಾರುಕಟ್ಟೆ ಎಲ್ಲಿದೆ?

ಹಾಗಾಗಿ ಇಂಥವರಿಗೆ ಉಳಿಯುವುದು ಬೇರೆ ದಾರಿ. ಆಲ್ಬಮ್ಮಿನ ಖರ್ಚು ಇಳಿಸಬೇಕು, ಮಾಸ್ಟರ್ ಕೈಯಲ್ಲಿಟ್ಟುಕೊಳ್ಳಬೇಕು, ಗಳಿಕೆಗೆ ಕಛೇರಿಗಳನ್ನು ನಂಬಬೇಕು. ಸ್ನಾರ್ಕಿ ಪಪ್ಪಿ ಶುರುವಾದ ಕಾಲವೂ ಇದಕ್ಕೆ ಒದಗಿಬಂತು. ಅದೇ 2004ರಲ್ಲಿ ಮರಿಯಾ ಶ್ನೈಡರ್ ಎಂಬ ಜಾಝ್ ರಚನಕಾರ್ತಿ ತಮ್ಮ ದೊಡ್ಡ ವಾದ್ಯವೃಂದದ 'ಕಾನ್ಸರ್ಟ್ ಇನ್ ದ ಗಾರ್ಡನ್' ಆಲ್ಬಮ್ಮನ್ನು ಅಂಗಡಿಗಳಿಗೆ ಕಳಿಸದೆ, ಆರ್ಟಿಸ್ಟ್‌ಶೇರ್ ಎಂಬ ತಾಣದಲ್ಲಿ ಕೇಳುಗರಿಂದಲೇ ಹಣ ಕೂಡಿಸಿ ಹೊರತಂದರು. ಮರುವರ್ಷ ಅದಕ್ಕೆ ಗ್ರ್ಯಾಮಿ ಬಂತು. ಅಂಗಡಿ ಇಲ್ಲದೆಯೂ ಆಗುತ್ತದೆ ಎಂದು ಗೊತ್ತಾಯಿತು.

ಲೀಗ್ ಬಳಗದ ಜಾಣತನ ಕಂಡದ್ದು 2010ರ 'ಟೆಲ್ ಯುವರ್ ಫ್ರೆಂಡ್ಸ್' ಆಲ್ಬಮ್ಮಿನಿಂದ. ಸ್ಟುಡಿಯೊಗೇ ಕೆಲವು ಕೇಳುಗರನ್ನು ಕರೆದು, ವಾದಕರ ನಡುವೆ ಕೂರಿಸಿ, ಅವರ ತಲೆಗೂ ಹೆಡ್‌ಫೋನು ಹಾಕಿ, ಕ್ಯಾಮೆರಾ ಓಡಿಸಿ, ಎಲ್ಲವನ್ನೂ ಒಂದೇ ಬೀಸಿನಲ್ಲಿ ಮುದ್ರಿಸುವುದು. ಹೆಡ್‌ಫೋನು ಯಾಕೆಂದರೆ ಇಂಥ ರೆಕಾರ್ಡಿಂಗಿನಲ್ಲಿ ಕೀಬೋರ್ಡು, ಬೇಸುಗಳ ನಾದ ನೇರ ತಂತಿಯಲ್ಲಿ ಹೋಗುತ್ತದೆ. ಕೋಣೆಯಲ್ಲಿ ಸುಮ್ಮನೆ ಕೂತವರಿಗೆ ಡ್ರಮ್ಸಿನ ಸದ್ದು ಬಿಟ್ಟರೆ ಮಿಕ್ಕದ್ದು ಸರಿಯಾಗಿ ಕೇಳುವುದೇ ಇಲ್ಲ. ಈ ಒಂದು ಏರ್ಪಾಟಿನಿಂದ ಹಲವು ಕೆಲಸ ಒಟ್ಟಿಗೆ ಆಗುತ್ತದೆ. ಒಬ್ಬೊಬ್ಬರನ್ನೇ ಬೇರೆ ಬೇರೆ ಮುದ್ರಿಸುತ್ತ ವಾರಗಟ್ಟಲೆ ಸ್ಟುಡಿಯೊ ಬಾಡಿಗೆ ಕಟ್ಟುವುದು ತಪ್ಪಿತು. ಆಲ್ಬಮ್ಮಿನ ಜತೆ ವಿಡಿಯೊ ಕೂಡ ಸಿದ್ಧ. ಅದಕ್ಕಿಂತ ಮುಖ್ಯವಾಗಿ, ವಾದ್ಯಸಂಗೀತಕ್ಕೆ ಮುಖಗಳು ಬಂದವು.

ಕೊನೆಯದನ್ನು ನಾನು ಸ್ವಲ್ಪ ಒತ್ತಿ ಹೇಳುತ್ತೇನೆ. ಯುಟ್ರೆಕ್ಟ್‌ನಲ್ಲಿ ಮುದ್ರಿಸಿದ 'ಲಿಂಗಸ್' ಎಂಬ ಕೃತಿಯಲ್ಲಿ ಕೋರಿ ಹೆನ್ರಿಯ ಕೀಬೋರ್ಡ್ ಸೋಲೊ ಇದೆ. ಮೊದಲು ಹೆಜ್ಜೆ ಅಳೆಯುವಂತೆ ಶುರುವಾಗಿ, ಮೆಲ್ಲಗೆ ಕಾರ್ಡ್‌ಗಳ ಬೇಲಿ ದಾಟಿ, ಎಲ್ಲೋ ಹೊರಗೆ ಅಲೆದು ಮತ್ತೆ ಸರಿಯಾಗಿ ಬಂದು ಕೂರುವ ನುಡಿಸಾಣಿಕೆ. ಬರೀ ಆಡಿಯೊ ಕೇಳಿದರೆ ಜಾಝ್ ಬಲ್ಲವರು ತಲೆದೂಗಿಯಾರು. ವಿಡಿಯೊದಲ್ಲಿ ಜತೆಯ ವಾದಕರ ಮುಖ ಕಾಣುತ್ತದೆ: ನಂಬಲಾರದೆ ನಗುವುದು, ತಲೆ ಅಲ್ಲಾಡಿಸುವುದು. ಕಾರ್ಡ್ ಎಂದರೇನೆಂದು ಗೊತ್ತಿಲ್ಲದವರಿಗೂ ಅಲ್ಲೇನೋ ದೊಡ್ಡದು ನಡೆಯುತ್ತಿದೆ ಎಂದು ಆ ಮುಖಗಳೇ ಹೇಳಿಬಿಡುತ್ತವೆ. ಕೋಟಿಗಟ್ಟಲೆ ಜನ ಅದನ್ನು ಯೂಟ್ಯೂಬಿನಲ್ಲಿ ನೋಡಿದರು. ಜಾಹೀರಾತಿಗೆ ಖರ್ಚಾಗಬೇಕಿದ್ದ ದುಡ್ಡಿನ ಕೆಲಸವನ್ನು ಪಕ್ಕವಾದ್ಯದವರ ಅಚ್ಚರಿ ಮಾಡಿಬಿಟ್ಟಿತು.

ಅಷ್ಟು ಹೊತ್ತಿಗೆ ಬಳಗಕ್ಕೆ ತನ್ನದೇ ಮನೆಯೂ ಆಗಿತ್ತು. ರೋಪ್‌ಅಡೋಪ್ ಎಂಬ ಸಣ್ಣ ಸ್ವತಂತ್ರ ಲೇಬಲ್ಲಿನ ಆಸರೆಯಲ್ಲಿ ಗ್ರೌಂಡಪ್ ಮ್ಯೂಸಿಕ್ ಎಂಬ ಲೇಬಲ್ ಹುಟ್ಟಿಕೊಂಡಿತು. 2012ರಲ್ಲಿ ಬಂದ ಬ್ಯಾಂಡಿನ ಆಲ್ಬಮ್ಮಿಗೂ ಅದೇ ಹೆಸರು. ಬಳಗದ ವಾದಕರ ಸ್ವಂತ ಆಲ್ಬಮ್ಮುಗಳಿಗೂ ಇಲ್ಲಿ ಜಾಗ ಸಿಕ್ಕಿತು, ಕೋರಿ ಹೆನ್ರಿಯ 'ದ ರಿವೈವಲ್' (2016) ಅದರಲ್ಲೊಂದು. ದೊಡ್ಡ ಬ್ಯಾಂಡು ಯಾರಿಗೂ ತಿಂಗಳ ಸಂಬಳ ಕೊಡಲಾರದು. ಆದರೆ ಹೆಸರು ಕೊಡಬಲ್ಲದು. ಆ ಹೆಸರಿನ ಬಲದಿಂದ ವಾದಕ ತನ್ನ ಸಣ್ಣ ತಂಡ ಕಟ್ಟಿ ಊರೂರು ತಿರುಗುತ್ತಾನೆ, ಅಲ್ಲಿ ಒಲಿದ ಕೇಳುಗರು ಮತ್ತೆ ದೊಡ್ಡ ಬ್ಯಾಂಡಿನ ಕಛೇರಿಗೆ ಬರುತ್ತಾರೆ. ಸ್ಪುಟ್ ಸಿಯರೈಟ್ ಮತ್ತು ತಾಳವಾದ್ಯಗಾರ ನೇಟ್ ವರ್ತ್ ಸೇರಿ ಕಟ್ಟಿದ ಘೋಸ್ಟ್-ನೋಟ್ ಹುಟ್ಟಿದ್ದು ಹೀಗೆಯೇ.

ಅತಿಥಿಗಳ ವಿಷಯಕ್ಕೆ ಬಂದರೆ 'ಫ್ಯಾಮಿಲಿ ಡಿನ್ನರ್' ಎಂಬ ಎರಡು ಆಲ್ಬಮ್ಮುಗಳನ್ನು ಬಿಟ್ಟು ಮಾತಾಡುವಂತಿಲ್ಲ. ಮೊದಲನೆಯದು ವರ್ಜೀನಿಯದ ರೋನೋಕ್‌ನಲ್ಲಿ ಮುದ್ರಣವಾಗಿ 2013ರಲ್ಲಿ ಬಂತು. ಹಾಡುವವರೇ ಇಲ್ಲದ ಬ್ಯಾಂಡು ಹಾಡುಗಾರರನ್ನು ಮನೆಗೆ ಕರೆದ ಹಾಗೆ. ಅದರಲ್ಲಿ ಲೇಲಾ ಹ್ಯಾಥವೇ 'ಸಮ್‌ಥಿಂಗ್' ಹಾಡುತ್ತಾರೆ. ಹೆಸರಾಂತ ಗಾಯಕ ಡಾನಿ ಹ್ಯಾಥವೇ ಅವರ ಮಗಳು ಈಕೆ. ಹಾಡಿನ ಕೊನೆಯ ಭಾಗದಲ್ಲಿ ಒಂದೇ ಕಂಠದಿಂದ ಒಂದಕ್ಕಿಂತ ಹೆಚ್ಚು ಸ್ವರಗಳನ್ನು ಒಟ್ಟಿಗೆ ಹೊರಡಿಸುತ್ತಾರೆ. ಯಂತ್ರದ ಆಟವೇನಲ್ಲ, ಗಂಟಲಿನದೇ ಕೆಲಸ. ಸುತ್ತ ಕೂತ ವಾದಕರು ತಡೆಯಲಾರದೆ ಕೂಗಿಬಿಡುತ್ತಾರೆ. 2014ರ ಜನವರಿಯಲ್ಲಿ ಅದಕ್ಕೆ ಆರ್‌ ಆ್ಯಂಡ್ ಬಿ (ರಿದಮ್ ಆ್ಯಂಡ್ ಬ್ಲೂಸ್) ವಿಭಾಗದಲ್ಲಿ ಗ್ರ್ಯಾಮಿ ಬಂತು. ಸ್ನಾರ್ಕಿ ಪಪ್ಪಿಗೆ ಅದೇ ಮೊದಲನೆಯದು. ಹತ್ತು ವರ್ಷ ವ್ಯಾನಿನಲ್ಲಿ ಅಲೆದ ಜಾಝ್ ತಂಡಕ್ಕೆ ಮೊದಲ ಮನ್ನಣೆ ಹಾಡೊಂದರಿಂದ ಬಂದದ್ದು ವಿನೋದವೇ.

ಎರಡನೆಯ 'ಫ್ಯಾಮಿಲಿ ಡಿನ್ನರ್' 2015ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಮುದ್ರಣವಾಗಿ 2016ರಲ್ಲಿ ಹೊರಬಂತು. ಮಾಲಿ ದೇಶದ ಸಾಲಿಫ್ ಕೀಟಾ, ಪೆರುವಿನ ಸುಸಾನಾ ಬಾಕಾ, ಸ್ವೀಡನ್ನಿನ ಜನಪದ ತಂಡ ವೆಸೆನ್, ಅಮೆರಿಕದ ಹಿರಿಯ ಗಾಯಕ ಡೇವಿಡ್ ಕ್ರಾಸ್ಬಿ, ಗಾಯಕಿ ಬೆಕಾ ಸ್ಟೀವನ್ಸ್, ಲಂಡನ್ನಿನ ಜೇಕಬ್ ಕಾಲಿಯರ್ ಎಂಬ ಹುಡುಗ, ಎಲ್ಲ ಒಂದೇ ಪಂಕ್ತಿಯಲ್ಲಿ. ಕಾಲಿಯರ್‌ನ ಮೊದಲ ಸ್ವಂತ ಆಲ್ಬಮ್ಮು ಆಗಿನ್ನೂ ಬಂದಿರಲಿಲ್ಲ. ಈ ಊಟ ಅಲ್ಲಿಗೇ ಮುಗಿಯಲಿಲ್ಲ. ಎಪ್ಪತ್ತು ದಾಟಿದ್ದ ಕ್ರಾಸ್ಬಿ ಲೀಗ್‌ನನ್ನೇ ನಿರ್ಮಾಪಕನನ್ನಾಗಿ ಮಾಡಿಕೊಂಡು 'ಲೈಟ್‌ಹೌಸ್' (2016) ತಂದರು. ಅದಕ್ಕೆ ಬಂದ ಬೆಕಾ ಸ್ಟೀವನ್ಸ್ ಮತ್ತು ಮಿಶೆಲ್ ವಿಲ್ಲಿಸ್ ಅವರ ಹೊಸ ತಂಡವೇ ಆಗಿಹೋದರು. ಒಂದು ಆಲ್ಬಮ್ಮು ಮಾರಿ ಬರುವ ದುಡ್ಡಿಗಿಂತ ಅದರಿಂದ ಕೂಡಿಬರುವ ಒಡನಾಟವೇ ಈ ಬಳಗದ ನಿಜವಾದ ಆಸ್ತಿ ಎಂದು ನಾನು ಹೇಳುವುದು ಇಂಥದ್ದನ್ನು ನೋಡಿ.

ಹಾಗಂತ ದೊಡ್ಡ ಕಂಪನಿಗಳ ನೆರಳೂ ಬೇಡ ಎಂಬ ಹಟ ಇವರಿಗಿಲ್ಲ. 2015ರ 'ಸಿಲ್ವಾ' ಬಂದದ್ದು ಒಮ್ಮೆ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಕಾಲ್ಟ್ರೇನ್‌ನ ಮನೆಯಾಗಿದ್ದ ಇಂಪಲ್ಸ್ ಲೇಬಲ್ಲಿನಿಂದ, ಅದೀಗ ಯೂನಿವರ್ಸಲ್ ಕಂಪನಿಯ ಪಾಲು. ನೆದರ್ಲೆಂಡ್ಸ್‌ನ ಮೆಟ್ರೊಪೋಲ್ ಆರ್ಕೆಸ್ಟ್ರಾ ಜತೆಗಿನ ಕೃತಿ ಅದು. ಅಷ್ಟು ದೊಡ್ಡ ವಾದ್ಯವೃಂದವನ್ನು ಸಣ್ಣ ಲೇಬಲ್ ಹೊರಲಾರದು. 'ಸಿಲ್ವಾ', ಸ್ಟುಡಿಯೊದಲ್ಲೇ ಕಟ್ಟಿದ 'ಕಲ್ಚಾ ವಲ್ಚಾ' (2016), ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್ ಕಛೇರಿಯ ಮುದ್ರಣ (2020), ಡಲ್ಲಾಸ್‌ಗೆ ಮರಳಿ ಮಾಡಿದ 'ಎಂಪೈರ್ ಸೆಂಟ್ರಲ್' (2022), ನಾಲ್ಕಕ್ಕೂ ಗ್ರ್ಯಾಮಿ ಬಂತು. ನನ್ನ ಮಟ್ಟಿಗೆ 'ಕಲ್ಚಾ ವಲ್ಚಾ' ಇವುಗಳಲ್ಲಿ ಸಪ್ಪೆ. ಎದುರಿಗೆ ಜನರಿಲ್ಲದಾಗ ಈ ಬ್ಯಾಂಡು ಅತಿ ನಯವಾಗಿಬಿಡುತ್ತದೆ. ಹತ್ತೊಂಬತ್ತು ವಾದಕರು ಸೇರಿದ 'ಎಂಪೈರ್ ಸೆಂಟ್ರಲ್'ನಲ್ಲಿ ಗುರು ಬರ್ನಾರ್ಡ್ ರೈಟ್ ಒಂದು ಕೃತಿಗೆ ನುಡಿಸಿದ್ದಾರೆ. ಅದು ಬಿಡುಗಡೆಯಾಗುವ ಮುಂಚೆ, 2022ರ ಮೇ ತಿಂಗಳಲ್ಲಿ, ಡಲ್ಲಾಸ್‌ನಲ್ಲಿ ಬಸ್ಸು ಬಡಿದು ಅವರು ತೀರಿಕೊಂಡರು.

ಇದೊಂದೇ ದಾರಿ ಎಂದುಕೊಳ್ಳಬೇಡಿ. ಇದೇ ಕಾಲದಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಹುಡುಗರು 2011ರಲ್ಲಿ ಕಟ್ಟಿದ ವಲ್ಫ್‌ಪೆಕ್ ಎಂಬ ನಾಲ್ವರ ಫಂಕ್ ಬ್ಯಾಂಡು ಪೂರಾ ಉಲ್ಟಾ ಹಾದಿ ಹಿಡಿಯಿತು. ಜನ ಕಡಿಮೆ, ಖರ್ಚು ಕಡಿಮೆ, ತಲೆಹರಟೆ ಜಾಸ್ತಿ. 2014ರಲ್ಲಿ 'ಸ್ಲೀಪಿಫೈ' ಎಂಬ ಆಲ್ಬಮ್ಮನ್ನು ಸ್ಪಾಟಿಫೈಗೆ ಹಾಕಿದರು. ಹತ್ತು ಟ್ರ್ಯಾಕು, ಹತ್ತರಲ್ಲೂ ನಿಶ್ಶಬ್ದ, ಒಂದೊಂದೂ ಅರ್ಧ ನಿಮಿಷದಷ್ಟು. ಮೂವತ್ತು ಸೆಕೆಂಡು ಓಡಿದರೆ ಒಂದು ಬಾರಿ ಕೇಳಿದಂತೆ ಎಂಬುದು ಅಲ್ಲಿನ ಲೆಕ್ಕ. ಮಲಗುವಾಗ ಇದನ್ನು ಹಾಕಿಟ್ಟು ಮಲಗಿ ಎಂದು ಅಭಿಮಾನಿಗಳಿಗೆ ಹೇಳಿದರು! ಸ್ಪಾಟಿಫೈ ಅದನ್ನು ತೆಗೆದುಹಾಕುವಷ್ಟರಲ್ಲಿ ಸುಮಾರು ಇಪ್ಪತ್ತು ಸಾವಿರ ಡಾಲರ್ ಕೂಡಿತ್ತು, ಆ ದುಡ್ಡಿನಲ್ಲಿ ಟಿಕೆಟ್ಟಿಲ್ಲದ ಕಛೇರಿಗಳ ಪ್ರವಾಸ ನಡೆಯಿತು. 2019ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ತುಂಬಿಸಿದಾಗಲೂ ಅವರ ಬೆನ್ನಿಗೆ ದೊಡ್ಡ ಲೇಬಲ್ ಇರಲಿಲ್ಲ. ಈ ಎರಡು ಬಳಗಗಳು ಕೂಡುವ ಜಾಗವೂ ಇದೆ. ಸ್ನಾರ್ಕಿ ಪಪ್ಪಿಯ ಗಿಟಾರ್ ವಾದಕ ಮಾರ್ಕ್ ಲೆಟಿಯೆರಿ, ವಲ್ಫ್‌ಪೆಕ್‌ನ ಜೋ ಡಾರ್ಟ್ ಮತ್ತು ಕೋರಿ ವಾಂಗ್, ಡ್ರಮ್ಮರ್ ನೇಟ್ ಸ್ಮಿತ್ ಸೇರಿ 2018ರಲ್ಲಿ 'ಫಿಯರ್‌ಲೆಸ್ ಫ್ಲೈಯರ್ಸ್' ಆದರು.

ಇಷ್ಟೆಲ್ಲ ಹೊಗಳಿದ ಮೇಲೆ ಹೇಳಲೇಬೇಕಾದದ್ದು: ಈ ಮಾದರಿಯಲ್ಲಿ ನಷ್ಟದ ವರ್ಷಗಳನ್ನು ಯಾರೋ ಹೊತ್ತುಕೊಳ್ಳಲೇಬೇಕು. ಮನೆ ಜವಾಬ್ದಾರಿ ಇಲ್ಲದ ಇಪ್ಪತ್ತರ ಹುಡುಗರಿಗೆ ಯಾರದೋ ಮನೆಯ ನೆಲದ ಮೇಲೆ ಮಲಗಿ ಊರು ಸುತ್ತುವುದು ಸಾಹಸ, ಮಕ್ಕಳೊಂದಿಗರಿಗೆ ಅದು ಆಗದ ಮಾತು. ಕುರ್ಚಿಗೆ ಮೂವರಿದ್ದಾರೆ ಎಂದರೆ ಈ ಸಲ ಕರೆ ಬಾರದ ಇಬ್ಬರಿಗೆ ಆ ತಿಂಗಳು ಅಲ್ಲಿಂದ ಆದಾಯವಿಲ್ಲ ಎಂದೂ ಅರ್ಥ. 2020ರಲ್ಲಿ ಕಛೇರಿಗಳೇ ನಿಂತಾಗ ಪ್ರವಾಸವನ್ನೇ ನಂಬಿದ ಬ್ಯಾಂಡುಗಳೆಲ್ಲ ತತ್ತರಿಸಿದವು. ಆ ಹೊತ್ತಿಗೆ ಸ್ಪೇನಿನ ಕ್ಯಾಟಲೋನಿಯಾದಲ್ಲಿ ನೆಲೆಸಿದ ಲೀಗ್, ತಾನೇ ಹಾಡಿ, ವಾದ್ಯಗಳನ್ನೂ ತಾನೇ ನುಡಿಸಿ 'ಸೋ ಮೆನಿ ಮಿ' (2021) ಎಂಬ ಆಲ್ಬಮ್ಮು ಮಾಡಿದ. ಅಷ್ಟು ಜನರ ನಾಯಕ ಒಬ್ಬನೇ ಕೂತು ಮಾಡಿದ ಕೆಲಸಕ್ಕೆ 'ಎಷ್ಟೊಂದು ನಾನು' ಎಂಬರ್ಥದ ಹೆಸರಿಟ್ಟದ್ದು ಮೋಜೆನಿಸಿತು.

ಬೆಂಗಳೂರಿನ ಕೊಂಡಿ ಎಂದೆನಲ್ಲ, ಅದು ವಾರಿಜಶ್ರೀ ವೇಣುಗೋಪಾಲ್. ಕರ್ನಾಟಕ ಸಂಗೀತದ ಗಾಯಕಿ, ಕೊಳಲೂ ನುಡಿಸುತ್ತಾರೆ, ತಂದೆ ಎಚ್.ಎಸ್. ವೇಣುಗೋಪಾಲ್ ಕೊಳಲು ವಿದ್ವಾಂಸರು. ಜಾನ್ ಕಾಲ್ಟ್ರೇನ್‌ನ 'ಜಾಯಂಟ್ ಸ್ಟೆಪ್ಸ್' ಕೃತಿಯನ್ನು ಸ್ವರ ಹಾಕಿ ಹಾಡಿದ ಅವರ ವಿಡಿಯೊ ಜಾಲತಾಣಗಳಲ್ಲಿ ಹಬ್ಬಿತ್ತು. ಅದರ ಕಷ್ಟ ಏನೆಂದರೆ, ನಮ್ಮಲ್ಲಿ ಒಂದು ಕೃತಿ ಮುಗಿಯುವವರೆಗೂ ಆಧಾರ ಷಡ್ಜ ಅಲುಗುವುದಿಲ್ಲ. 'ಜಾಯಂಟ್ ಸ್ಟೆಪ್ಸ್'ನಲ್ಲಿ ಷಡ್ಜವೇ ಮೂರು ಜಾಗಗಳ ನಡುವೆ ಭರದಲ್ಲಿ ಸುತ್ತುತ್ತಿರುತ್ತದೆ. ಅಂಥದರಲ್ಲಿ ಸ್ವರಸ್ಥಾನ ತಪ್ಪದೆ ಹಾಡಬೇಕು. 2024ರಲ್ಲಿ ಅವರ 'ವಾರಿ' ಆಲ್ಬಮ್ಮು ಗ್ರೌಂಡಪ್ ಮ್ಯೂಸಿಕ್‌ನಿಂದಲೇ ಬಂತು, ನಿರ್ಮಾಪಕ ಮೈಕಲ್ ಲೀಗ್. ಅದೇ ವರ್ಷ, ಹಿಂದೆ ನ್ಯೂ ಆರ್ಲಿಯನ್ಸ್‌ನ ಪಂಕ್ತಿಯಲ್ಲಿದ್ದ ಜೇಕಬ್ ಕಾಲಿಯರ್‌ನ ಆಲ್ಬಮ್ಮಿನಲ್ಲಿ ಅನೌಷ್ಕಾ ಶಂಕರ್ ಜತೆ ವಾರಿಜಶ್ರೀ ಹಾಡಿದ 'ಎ ರಾಕ್ ಸಮ್‌ವೇರ್' ಗ್ರ್ಯಾಮಿಗೆ ನಾಮನಿರ್ದೇಶನವಾಯಿತು. ಬೆಂಗಳೂರಿಗೆ ಜಾಝ್ ನಂಟು ಹೊಸದೇನೂ ಅಲ್ಲ. 1983ರಲ್ಲೇ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿ ಅವರ ತಂಡ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜತೆ 'ಜ್ಯೋತಿ' ಎಂಬ ಆಲ್ಬಮ್ಮನ್ನು ಜರ್ಮನಿಯ ಇಸಿಎಂ ಲೇಬಲ್ಲಿಗೆ ಮಾಡಿತ್ತು.

ಕೇಳಲು ಹೊರಟವರಿಗೆ ನನ್ನ ಸಲಹೆ: 'ಲಿಂಗಸ್'ನಿಂದ ಶುರು ಮಾಡಬೇಡಿ, ಅದು ಪಳಗಿದ ಕಿವಿಗೆ ಹೆಚ್ಚು ರುಚಿಸುತ್ತದೆ. ಮೊದಲು 'ಸಮ್‌ಥಿಂಗ್' ನೋಡಿ, ಆಮೇಲೆ ಯುಟ್ರೆಕ್ಟ್‌ನದೇ 'ಶೋಫುಕಾನ್', ಅದಾದ ಮೇಲೆ ಬೇಕಿದ್ದರೆ 'ಲಿಂಗಸ್'. 'ವಾರಿ'ಯನ್ನು ಬೇರೆಯೇ ಒಂದು ದಿನಕ್ಕೆ ಇಟ್ಟುಕೊಳ್ಳಿ. ಬೇಸ್ ಗಿಟಾರು ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಕೇಳಿಸುವುದಿಲ್ಲ, ಒಳ್ಳೆಯ ಹೆಡ್‌ಫೋನು ಹಾಕಿಕೊಳ್ಳಿ.